ಗಂಟಲು ಅಪ್ಪನದು, ಲೆಕ್ಕ ಎಲ್ಲರದು

ಕ್ಯಾನ್ಸರ್‌ಗೆ ಒಂದೇ ಚಿಕಿತ್ಸೆ ಇದೆ ಅಂದರೆ ಮನೆಯವರು ದೇವರ ಮೇಲೆ ಭಾರ ಹಾಕಿ ಹೊರಟುಬಿಡುತ್ತಾರೆ. ಎರಡು ದಾರಿ ಇದೆ, ಯೋಚನೆ ಮಾಡಿ ಹೇಳಿ ಅಂದಾಗ ಕಷ್ಟ ಶುರುವಾಗುತ್ತದೆ. ನಮ್ಮ ಅಪ್ಪನಿಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಅಂತ ಗೊತ್ತಾದಾಗ ನಮ್ಮ ಮನೆಯಲ್ಲಿ ಹೀಗೇ ಆಯಿತು. ಒಂದು ದಾರಿ, ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವುದು. ಇನ್ನೊಂದು, ಅದನ್ನು ಉಳಿಸಿಕೊಂಡು ಕರೆಂಟ್ ಮತ್ತು ಕೀಮೋ ಎರಡನ್ನೂ ಒಟ್ಟಿಗೆ ಕೊಡುವುದು. ರೇಡಿಯೇಷನ್‌ಗೆ ನಮ್ಮ ಕಡೆ ಎಲ್ಲರೂ ಕರೆಂಟ್ ಅಂತಲೇ ಹೇಳೋದು, ನಾನೂ ಹಾಗೇ ಬರೆಯುತ್ತೇನೆ.

ಈ ಎರಡರಲ್ಲಿ ಒಂದನ್ನು ಆರಿಸುವಾಗ ಡಾಕ್ಟರದ್ದು ಒಂದು ಲೆಕ್ಕ, ಅಣ್ಣನದ್ದು ಒಂದು, ಅಮ್ಮನದ್ದು ಒಂದು, ಅಪ್ಪನದ್ದು ಬೇರೆಯೇ ಒಂದು. ಯಾರ ಲೆಕ್ಕವೂ ಸುಳ್ಳಲ್ಲ. ಆಸ್ಪತ್ರೆಯ ಫೈಲಿನಲ್ಲಿ ಸ್ಕ್ಯಾನ್ ಇದೆ, ರಕ್ತದ ರಿಪೋರ್ಟ್ ಇದೆ, ಈ ಲೆಕ್ಕಗಳು ಮಾತ್ರ ಎಲ್ಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಆಲ್ದೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಿಗ್ಗೆ ಹಾಜರಿ ಕೂಗುವುದು, ಆಳುಗಳನ್ನು ಕೆಲಸಕ್ಕೆ ಹಂಚುವುದು, ಸಂಜೆ ಹಣ್ಣು ತೂಗಿ ಬುಕ್ಕಿಗೆ ಬರೆಯುವುದು, ಇದೇ ಅವರ ಜೀವನ. ಕೆಲಸ ಬಿಟ್ಟ ಮೇಲೆ ನಮ್ಮದೇ ಎರಡು ಎಕರೆ ತೋಟ ನೋಡಿಕೊಂಡಿದ್ದರು. ಬೀಡಿ ಚಿಕ್ಕ ವಯಸ್ಸಿನಿಂದಲೂ ಇತ್ತು. ಒಂದು ಮಳೆಗಾಲದಲ್ಲಿ ಧ್ವನಿ ಕಟ್ಟಿತು. ಶುಂಠಿ ಕಷಾಯ, ಕರಿಮೆಣಸಿನ ಕಷಾಯ, ಮೆಡಿಕಲ್ ಶಾಪಿನ ಸಿರಪ್, ಯಾವುದಕ್ಕೂ ಜಗ್ಗಲಿಲ್ಲ. ನಾನು ಚಿಕ್ಕಮಗಳೂರಿನಲ್ಲಿ ಹೈಸ್ಕೂಲ್ ಟೀಚರ್. ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನ ಮಾತು ಕೇಳಿ ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಬಂದೆ. ಗಂಟಲಿನ ಗೊಗ್ಗರು ಮೂರು ವಾರ ದಾಟಿದರೆ ತೋರಿಸಲೇಬೇಕು, ಬೀಡಿ ಸಿಗರೇಟು ಸೇದುವವರಾದರೆ ಒಂದು ದಿನವೂ ತಡ ಮಾಡಬಾರದು ಅಂತ ಅವರು ಹೇಳಿದರು. ಇದನ್ನು ಓದುವವರು ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಬಯಾಪ್ಸಿ ರಿಪೋರ್ಟ್ ಬಂದ ದಿನ ಆ ಡಾಕ್ಟರು ಮಾಡಿದ ಒಂದು ಕೆಲಸಕ್ಕೆ ನಾನು ಯಾವತ್ತೂ ಋಣಿ. ಲಕೋಟೆ ಒಡೆಯುವ ಮೊದಲೇ ಅಪ್ಪನ ಮುಖ ನೋಡಿ, "ಯಜಮಾನ್ರೇ, ರಿಪೋರ್ಟ್ ವಿಷಯ ನಿಮಗೇ ಹೇಳ್ಲಾ, ಮಕ್ಕಳಿಗೆ ಹೇಳ್ಲಾ?" ಅಂತ ಕೇಳಿದರು.

"ನಂಗೇ ಹೇಳಿ ಸಾರ್. ಗಂಟಲು ನಂದಲ್ವಾ" ಅಂದರು ಅಪ್ಪ.

ಅಣ್ಣ ಬೆಂಗಳೂರಿನಲ್ಲಿ ಇರೋದು. ಅಪ್ಪನಿಗೆ ಹೇಳಬಾರದು, ಗಡ್ಡೆ ಅಂತಷ್ಟೇ ಹೇಳೋಣ, ಧೈರ್ಯ ಕುಂದುತ್ತೆ ಅಂತ ಫೋನ್ ಮಾಡುವ ಹೊತ್ತಿಗೆ ಅಪ್ಪನಿಗೆ ಎಲ್ಲ ಗೊತ್ತಾಗಿತ್ತು. ಸೋದರಮಾವನೂ ನಮ್ಮ ಮೇಲೆ ಸಿಟ್ಟು ಮಾಡಿಕೊಂಡರು. ಮುಚ್ಚಿಡುವವರದು ಪ್ರೀತಿಯೇ, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ಮುಚ್ಚಿಟ್ಟರೆ ರೋಗಿಯ ಲೆಕ್ಕ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ. ಯಾವುದರ ನಡುವೆ ಆರಿಸಬೇಕು ಅಂತಲೇ ಗೊತ್ತಿಲ್ಲದವರನ್ನು ನಿಮಗೇನು ಬೇಕು ಅಂತ ಹೇಗೆ ಕೇಳುವುದು? ಅದೂ ಅಲ್ಲದೆ ಮಲೆನಾಡಿನ ಹಳ್ಳಿಗಳಲ್ಲಿ ಇದು ಮುಚ್ಚಿಡುವಂಥದ್ದೂ ಅಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾಗಿದ್ದು 1973ರಲ್ಲಿ. ಅಲ್ಲಿಂದ ಈಚೆಗೆ "ಅವರನ್ನ ಕಿದ್ವಾಯಿಗೆ ಕರ್ಕೊಂಡು ಹೋದ್ರಂತೆ" ಅಂದರೆ ಏನು ಅಂತ ಎಂಥವರಿಗೂ ಗೊತ್ತು.

ರೇಷನ್ ಕಾರ್ಡ್ ಬಿಪಿಎಲ್ ಇದ್ದಿದ್ದರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಲೆಟರ್ ಮಾಡಿಸಿಕೊಂಡೆವು. ಮೂಡಿಗೆರೆ ಸೀಮೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವುದು ಜಾಸ್ತಿ. ನಮಗೆ ಅಣ್ಣನ ಮನೆ ಇದ್ದಿದ್ದರಿಂದ ಬೆಂಗಳೂರೇ ಆಯಿತು. ಎಲ್ಲಿ ಉಳಿದುಕೊಳ್ಳೋದು ಅನ್ನುವುದರ ಮೇಲೆಯೇ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ತೀರ್ಮಾನ ಆಗಿಬಿಡುತ್ತದೆ. ಇದು ಯಾವ ಡಾಕ್ಟರಿಗೂ ಹೊಸದಲ್ಲ.

ಬೆಂಗಳೂರಿನಲ್ಲಿ ಮೊದಲು ನೋಡಿದ್ದು ಸರ್ಜನ್. ಸಿಟಿ ಸ್ಕ್ಯಾನ್ ತೆರೆದು ತೋರಿಸಿದರು. ಎಡಗಡೆಯ ಸ್ವರತಂತು ಅಲ್ಲಾಡುತ್ತಿಲ್ಲ, ಆದರೆ ಗಡ್ಡೆ ಹೊರಗಿನ ಮೃದ್ವಸ್ಥಿಯನ್ನು, ಅಂದರೆ ಪೆಟ್ಟಿಗೆಯ ಮೆತ್ತನೆ ಮೂಳೆಯನ್ನು, ಒಡೆದು ಆಚೆ ಹೋಗಿಲ್ಲ. ಮೂರನೇ ಹಂತ. ಮೃದ್ವಸ್ಥಿ ದಾಟಿದ್ದರೆ ಆಪರೇಷನ್ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ, ದಾಟಿಲ್ಲದ್ದರಿಂದ ಎರಡು ದಾರಿ ಇದೆ, ಆದರೂ ನನ್ನ ಸಲಹೆ ಆಪರೇಷನ್ ಅಂದರು.

ಅವರ ಕಾರಣವನ್ನು ನಾನು ಬಿಡಿಸಿ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. "ಪೆಟ್ಟಿಗೆ ಉಳಿಯೋದು ಬೇರೆ, ಅದು ಕೆಲಸ ಮಾಡೋದು ಬೇರೆ. ಕೆಲವರಿಗೆ ಕರೆಂಟ್ ಆದ್ಮೇಲೆ ನುಂಗೋಕೆ ಆಗಲ್ಲ, ಕುಡಿದ ನೀರು ಶ್ವಾಸಕೋಶಕ್ಕೆ ಹೋಗುತ್ತೆ. ಕ್ಯಾನ್ಸರ್ ಮರುಕಳಿಸಿದ್ರೆ ಆಗ ಆಪರೇಷನ್ ಮಾಡೋದೂ ನಾನೇ. ಕರೆಂಟ್ ಕೊಟ್ಟ ಕುತ್ತಿಗೇಲಿ ಗಾಯ ಮಾಯೋದು ಕಷ್ಟ."

ಕರೆಂಟ್ ಡಾಕ್ಟರು ಒಬ್ಬರು ಮೇಡಂ. ಅವರು ಅದೇ ಸ್ಕ್ಯಾನ್ ನೋಡಿ, ಧ್ವನಿ ಉಳಿಸೋಕೆ ಪ್ರಯತ್ನ ಪಡಬಹುದು, ವಯಸ್ಸು 67 ಆದ್ರೂ ಕಿಡ್ನಿ, ಹೃದಯ ಚೆನ್ನಾಗಿದೆ ಅಂದರು. ವಾರಕ್ಕೆ ಐದು ದಿನದಂತೆ ಏಳು ವಾರ, ಒಟ್ಟು 35 ಸಿಟ್ಟಿಂಗ್. ಜೊತೆಗೆ ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ, ಒಟ್ಟು ಮೂರು ಡೋಸ್.

ಇಬ್ಬರೂ ಒಳ್ಳೆಯ ಡಾಕ್ಟರು. ಮತ್ತೆ ಯಾಕೆ ಎರಡು ಮಾತು? ನನಗೆ ಆಮೇಲೆ ಹೊಳೆದದ್ದು ಇಷ್ಟು. ಸರ್ಜನ್ ಹತ್ತಿರ ವಾಪಸ್ ಬರುವವರು ಕರೆಂಟ್ ಫಲ ಕೊಡದವರು. ಮೇಡಂ ಹತ್ತಿರ ಫಾಲೋಅಪ್‌ಗೆ ಬಂದು "ಚೆನ್ನಾಗಿದೀನಿ ಮೇಡಂ" ಅಂತ ಬಾಯಿ ತುಂಬ ಹೇಳುವವರು ಧ್ವನಿ ಉಳಿದವರು. ದಿನಾ ಕಣ್ಣೆದುರು ಯಾರು ಬರುತ್ತಾರೋ ಅವರ ಕಷ್ಟಸುಖವೇ ಸಲಹೆಯಲ್ಲೂ ಇಣುಕುತ್ತದೆ. ಇದಕ್ಕೆ ಮದ್ದು ಅಂತಲೇ ಆಸ್ಪತ್ರೆಗಳಲ್ಲಿ ಟ್ಯೂಮರ್ ಬೋರ್ಡ್ ಇರೋದು. ಸರ್ಜನ್, ಕರೆಂಟ್ ಡಾಕ್ಟರು, ಕೀಮೋ ಡಾಕ್ಟರು, ಸ್ಕ್ಯಾನ್ ಓದುವವರು ಎಲ್ಲ ಒಂದು ಕಡೆ ಕೂತು ಮಾತಾಡುತ್ತಾರೆ. ನಮ್ಮ ಕೇಸನ್ನೂ ಅಲ್ಲಿ ಇಟ್ಟರು. ಎರಡೂ ಸರಿ, ರೋಗಿಯ ಇಷ್ಟ ಕೇಳಿ ಅಂತ ಬೋರ್ಡ್ ಬರೆಯಿತು.

ರಾತ್ರಿ ಅಣ್ಣನ ಮನೆಯಲ್ಲಿ ಕೂತು ನಾನು ಸಿಕ್ಕಿದ್ದೆಲ್ಲ ಓದಿದೆ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 1991ರಲ್ಲಿ ಬಂದಿತ್ತು. 332 ರೋಗಿಗಳು. ಅರ್ಧ ಜನಕ್ಕೆ ಧ್ವನಿಪೆಟ್ಟಿಗೆ ತೆಗೆದು ಆಮೇಲೆ ಕರೆಂಟ್, ಉಳಿದವರಿಗೆ ಮೊದಲು ಕೀಮೋ, ಆಮೇಲೆ ಕರೆಂಟ್. ಎರಡು ವರ್ಷದ ನಂತರ ನೋಡಿದರೆ ಎರಡೂ ಕಡೆ ಬದುಕಿದ್ದವರು ನೂರಕ್ಕೆ 68. ಕೀಮೋ ಕಡೆಯವರಲ್ಲಿ ನೂರಕ್ಕೆ 64 ಜನರಿಗೆ ಧ್ವನಿಪೆಟ್ಟಿಗೆ ಉಳಿದಿತ್ತು. 2003ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕೀಮೋ ಮತ್ತು ಕರೆಂಟ್ ಒಟ್ಟಿಗೆ ಕೊಟ್ಟಾಗ ಎರಡು ವರ್ಷಕ್ಕೆ ಪೆಟ್ಟಿಗೆ ಉಳಿದವರು ನೂರಕ್ಕೆ 88. ಅಪ್ಪನಿಗೆ ಹೇಳಿದ ಚಿಕಿತ್ಸೆ ಈ ಎರಡನೆಯದು.

ಇನ್ನೂ ಹಳೆಯದೊಂದಿದೆ, 1981ರದ್ದು. ಬಾರ್ಬರಾ ಮೆಕ್‌ನೀಲ್ ಮತ್ತು ಜೊತೆಯವರು ಆರೋಗ್ಯವಾಗಿದ್ದ 37 ಜನರನ್ನು ಕೇಳಿದರು. ಅವರಲ್ಲಿ ಬೆಂಕಿ ಆರಿಸುವವರೂ ಇದ್ದರು, ಕಂಪನಿ ಅಧಿಕಾರಿಗಳೂ ಇದ್ದರು. ನಿಮಗೆ ಈ ಕ್ಯಾನ್ಸರ್ ಬಂದರೆ ಏನು ಮಾಡ್ತೀರಿ ಅನ್ನುವುದು ಪ್ರಶ್ನೆ. ಐವರಲ್ಲಿ ಒಬ್ಬರು, ಬದುಕುವ ಅವಕಾಶ ಕಡಿಮೆಯಾದರೂ ಸರಿ, ಧ್ವನಿ ಉಳಿಯುವ ಕರೆಂಟೇ ಇರಲಿ ಅಂದರು. ಆಯುಸ್ಸು ಎಲ್ಲರಿಗೂ ಒಂದೇ ತೂಕ ಅಲ್ಲ ಅಂತ ಲೆಕ್ಕ ಹಾಕಿ ತೋರಿಸಿದ ಮೊದಮೊದಲ ಕೆಲಸಗಳಲ್ಲಿ ಅದೊಂದು. ಅದನ್ನು ಓದಿದಾಗ ನನಗೆ ಧೈರ್ಯ ಬಂತು, ಯಾಕೆಂದರೆ ಅಷ್ಟು ಹೊತ್ತಿಗೆ ಮನೆಯಲ್ಲಿ ಎಲ್ಲರೂ "ಧ್ವನಿ ಮುಖ್ಯಾನೋ ಜೀವ ಮುಖ್ಯಾನೋ" ಅಂತ ಒಂದೇ ಮಾತಿಗೆ ತಂದು ನಿಲ್ಲಿಸಿದ್ದರು.

ಊರಿಗೆ ವಾಪಸ್ ಬಂದು ಜಗಲಿಯಲ್ಲಿ ಎಲ್ಲರೂ ಕೂತೆವು. ಅಣ್ಣ ಆಪರೇಷನ್ ಆಗಲೇಬೇಕು ಅನ್ನುತ್ತಿದ್ದ. "ಗಡ್ಡೆ ತೆಗೆದು ಬಿಸಾಕಿದ್ರೆ ನಿಶ್ಚಿಂತೆ. ನಾಳೆ ಮರುಕಳಿಸಿದ್ರೆ ಜನ ಏನಂತಾರೆ? ಮಕ್ಕಳು ಇದ್ದೂ ಸರಿಯಾಗಿ ತೋರಿಸ್ಲಿಲ್ಲ ಅಂತಾರೆ." ಅವನನ್ನು ನಾನು ತಪ್ಪು ಅನ್ನಲ್ಲ. ಸಹಿ ಹಾಕುವವನು ಅವನು. ನೋಡಿಕೊಳ್ಳುವವರ ಮನಸ್ಸಿನಲ್ಲಿ ಯಾವಾಗಲೂ ಮುಂದೆ ಒಂದು ದಿನದ ಭಯ ಇರುತ್ತದೆ, ನಮ್ಮಿಂದ ಏನಾದರೂ ಕಮ್ಮಿ ಆಯಿತಾ ಅನ್ನುವ ಭಯ. ಅದಕ್ಕೇ ಅವರಿಗೆ ದೊಡ್ಡ ಚಿಕಿತ್ಸೆ, ಜಾಸ್ತಿ ಚಿಕಿತ್ಸೆ ಸಮಾಧಾನ ಕೊಡುತ್ತದೆ. ಸೋದರಮಾವ ಸಾಗರದ ಕಡೆ ನರಸೀಪುರದ ನಾಟಿ ಔಷಧಿಯ ವಿಷಯ ಎತ್ತಿದರು. ಸಿಸ್‌ಪ್ಲಾಟಿನ್ ಕಿಡ್ನಿಗೆ ಭಾರ, ಜೊತೆಗೆ ಬೇರೆ ಯಾವ ಔಷಧಿಯೂ ಬೇಡ ಅಂತ ಮೇಡಂ ಮೊದಲೇ ಹೇಳಿದ್ದರು. ಆ ಮಾತು ಅಲ್ಲಿಗೆ ನಿಂತಿತು.

ಅಪ್ಪ ಏನೂ ಹೇಳಲಿಲ್ಲ. ಹಾಜರಿ ಕೂಗುತ್ತಿದ್ದ ಮನುಷ್ಯ, ಧ್ವನಿ ಹೋಗುತ್ತೆ ಅಂತ ಬೇಜಾರು ಅಂತಲೇ ಎಲ್ಲರೂ ಅಂದುಕೊಂಡರು.

ನಿಜ ಕಾರಣ ಹೊರಗೆ ಬಂದಿದ್ದು ಮುಂದಿನ ಸಲ ಮೇಡಂ ಎದುರಿಗೆ. ಅವರು ಯಾವ ಚಿಕಿತ್ಸೆ ಬೇಕು ಅಂತ ಕೇಳಲೇ ಇಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಮನೇಲಿ ನಿಮ್ಮ ದಿನ ಹೇಗಿರುತ್ತೆ? ಬೆಳಿಗ್ಗೆ ಎದ್ದು ಏನೇನು ಮಾಡ್ತೀರಿ, ಹೇಳಿ" ಅಂದರು.

ಅಪ್ಪ ಆ ಗೊಗ್ಗರು ಧ್ವನಿಯಲ್ಲೇ ನಿಧಾನಕ್ಕೆ ಹೇಳಿದರು. ಎದ್ದು ಒಲೆ ಹಚ್ಚಿ ಕಾಫಿ ಮಾಡೋದು. ಅಮ್ಮನಿಗೆ ಇನ್ಸುಲಿನ್ ತುಂಬಿ, ಎಷ್ಟು ಅಂತ ಹೇಳಿ ಚುಚ್ಚೋದು. ತೋಟಕ್ಕೆ ಹೋಗುವಾಗ ಎಲ್ಲಿಗೆ ಹೋಗ್ತಿದೀನಿ ಅಂತ ಹೇಳಿ ಹೋಗೋದು, ವಾಪಸ್ ಬರುವಾಗ ಗೇಟ್ ಹತ್ತಿರವೇ ಕೂಗೋದು. ಊಟ ಆದ ಮೇಲೆ ಪೇಪರ್ ಓದಿ ಹೇಳೋದು. ಮೆಟ್ಟಿಲ ಹತ್ತಿರ ಬಕೆಟ್ ಇದೆ, ದಾರಿಯಲ್ಲಿ ನಾಯಿ ಮಲಗಿದೆ ಅಂತ ಹೇಳೋದು.

ಅಮ್ಮನಿಗೆ ಶುಗರ್‌ನಿಂದ ಕಣ್ಣು ಹೋಗಿದೆ. ಲೇಸರ್ ಮಾಡಿಸಿದ್ದೆವು, ಆದರೂ ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಧ್ವನಿ ಹೋದವರು ಸ್ಲೇಟಿನಲ್ಲಿ ಬರೆದು ತೋರಿಸಬಹುದು ಅಂತ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಪ್ಪ ಆ ಮಾತಿಗೆ ಬಂದಾಗ ಒಂದು ಸಲ ಕೈ ಆಡಿಸಿದರು. "ಸ್ಲೇಟಲ್ಲಿ ಬರೆದ್ರೆ ಓದೋರು ಯಾರು ಮೇಡಂ? ಅವಳಿಗೆ ಕಣ್ಣಿಲ್ಲ, ನಂಗೆ ಬಾಯಿಲ್ಲ ಅಂದ್ರೆ ನಾವಿಬ್ರು ಒಂದು ಮನೇಲಿ ಹೇಗಿರೋದು?"

ಮೇಡಂ ಪೆನ್ನು ಕೆಳಗಿಟ್ಟು ಸುಮ್ನೆ ಕೇಳಿಸಿಕೊಂಡರು. ಫೈಲಿನಲ್ಲಿ ಇದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಇರಬೇಕಾದ ಕಾಲಮ್ಮೇ ಇಲ್ಲ. ವಯಸ್ಸು, ತೂಕ, ಬೀಡಿ ಎಷ್ಟು ವರ್ಷ, ಶುಗರ್ ಬಿಪಿ ಇದೆಯಾ, ಇಷ್ಟೇ. ಅದೂ ಅಪ್ಪನ ಶುಗರ್, ಅಮ್ಮನದ್ದಲ್ಲ.

ಅಮ್ಮನಿಗೆ ಇದು ಗೊತ್ತಾದಾಗ ಅವಳು ಉಲ್ಟಾ ಹೇಳಿದಳು. ಅವಳು ಆಪರೇಷನ್ ಕಡೆ. "ಧ್ವನಿ ಹೋದ್ರೆ ಹೋಗ್ಲಿ ಕಣೇ. ಮನುಷ್ಯ ಇದ್ರೆ ಸಾಕು. ಕೆಮ್ಮಿದ್ರೆ ಎಲ್ಲಿದಾರೆ ಅಂತ ನಂಗೆ ಗೊತ್ತಾಗುತ್ತೆ." ಅದಕ್ಕೆ ಅಪ್ಪ, "ಇನ್ಸುಲಿನ್ ಎಷ್ಟು ಅಂತ ಕೆಮ್ಮಿ ಹೇಳೋಕಾಗುತ್ತಾ?" ಅಂದರು. ಅಪ್ಪ ತನ್ನ ಕ್ಯಾನ್ಸರ್‌ಗೆ ಅಮ್ಮನ ಕಣ್ಣಿನ ಲೆಕ್ಕ ಹಾಕುತ್ತಿದ್ದರು. ಅಮ್ಮ ತನ್ನ ಕಣ್ಣನ್ನು ಬದಿಗಿಟ್ಟು ಅಪ್ಪನ ಆಯುಸ್ಸಿನ ಲೆಕ್ಕ ಹಾಕುತ್ತಿದ್ದಳು. ಡಾಕ್ಟರಿಗೆ ಒಬ್ಬ ರೋಗಿ ಕಾಣುತ್ತಾನೆ. ನಮ್ಮಲ್ಲಿ ಒಬ್ಬನೇ ರೋಗಿ ಅಂತ ಎಲ್ಲಿರುತ್ತಾನೆ? ರೋಗ ಬರುವುದು ಒಬ್ಬರಿಗೆ, ಅದನ್ನು ಅನುಭವಿಸುವುದು ಮನೆ ಪೂರ್ತಿ. ಅಪ್ಪನ ಮಾತಿಗೇ ಮೊದಲ ಬೆಲೆ ಇರಬೇಕು ಅಂತ ನಾನು ಹಟ ಹಿಡಿದೆ. ಅಣ್ಣ ಒಲ್ಲದ ಮನಸ್ಸಿನಿಂದ ಒಪ್ಪಿದ. ಕರೆಂಟ್ ಮತ್ತು ಕೀಮೋ ಅಂತ ತೀರ್ಮಾನವಾಯಿತು.

ಹಾಗಂತ ಧ್ವನಿ ಉಳಿಸುವ ದಾರಿ ಮೆತ್ತನೆಯದು ಅಂತ ಯಾರೂ ತಿಳಿಯಬಾರದು. ಮೊದಲು ಹಲ್ಲಿನ ಡಾಕ್ಟರು. ಹುಳುಕಿದ್ದ ಹಲ್ಲುಗಳನ್ನೆಲ್ಲ ಕೀಳಿಸಿದರು, ಕರೆಂಟ್ ಆದ ಮೇಲೆ ಕಿತ್ತರೆ ದವಡೆ ಮೂಳೆ ಮಾಯುವುದಿಲ್ಲ ಅಂತ. ಆಮೇಲೆ ಮುಖಕ್ಕೆ ಅಳತೆ ತೆಗೆದು ಪ್ಲಾಸ್ಟಿಕ್ ಮಾಸ್ಕ್ ಮಾಡಿದರು. ದಿನಾ ಆ ಮಾಸ್ಕನ್ನು ಮೇಜಿಗೆ ಬಿಗಿದು ಅಲುಗಾಡದ ಹಾಗೆ ಮಲಗಿಸುತ್ತಾರೆ. ಮಷಿನ್ ಕೆಲಸ ಕೆಲವೇ ನಿಮಿಷ, ಕಾಯುವುದು ಗಂಟೆಗಟ್ಟಲೆ. ಅಣ್ಣನ ಮನೆಯಿಂದ ಓಡಾಟ ಕಷ್ಟವಾಗಿ ಆಸ್ಪತ್ರೆ ಹತ್ತಿರದ ಧರ್ಮಶಾಲೆಗೆ ಬಂದೆವು. ಕಾರ್ಡಿನಲ್ಲಿ ಚಿಕಿತ್ಸೆಯ ಖರ್ಚು ನಡೆಯಿತು. ಊಟ, ಆಟೋ, ನನ್ನ ಸಂಬಳವಿಲ್ಲದ ರಜೆ, ಊರಲ್ಲಿ ಹಣ್ಣು ಕುಯ್ಯಲು ಆಳಿನ ಕೂಲಿ, ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಆಗ ನಮ್ಮ ಕಡೆ ಅರೇಬಿಕಾ ಕುಯ್ಲು. ಅಪ್ಪ ದಿನಾ ಪಕ್ಕದ ತೋಟದವರಿಗೆ ನನ್ನಿಂದ ಫೋನ್ ಮಾಡಿಸಿ ಕಣದ ವಿಷಯ ವಿಚಾರಿಸುತ್ತಿದ್ದರು.

ಅಮ್ಮ ಚಿಕ್ಕಮಗಳೂರಿನಲ್ಲಿ ನನ್ನ ಗಂಡ, ಮಕ್ಕಳ ಜೊತೆ ಇದ್ದಳು. ರಾತ್ರಿ ಎಂಟಕ್ಕೆ ಅವಳಿಗೆ ಫೋನ್. ನಾಲ್ಕನೇ ವಾರದ ಹೊತ್ತಿಗೆ ಬಾಯಿ, ಗಂಟಲು ಪೂರ್ತಿ ಹುಣ್ಣಾಗಿ ಅಪ್ಪನ ಧ್ವನಿ ನಿಂತೇ ಹೋಯಿತು. ಧ್ವನಿಗಾಗಿ ಆರಿಸಿದ ದಾರಿಯಲ್ಲಿ ಧ್ವನಿಯೇ ಇಲ್ಲ. ಅಮ್ಮ ಮಾತಾಡುತ್ತಿದ್ದಳು, ಅಪ್ಪ ಈ ಕಡೆಯಿಂದ ಕೆಮ್ಮುತ್ತಿದ್ದರು. ಅವಳು ಹೇಳಿದ್ದ ಕೆಮ್ಮು ಆಗ ಕೆಲಸಕ್ಕೆ ಬಂತು.

ಐದನೇ ವಾರ ಅಪ್ಪ ಬಿಳಿ ಹಾಳೆ ಮೇಲೆ ಬರೆದು ಕೊಟ್ಟರು: "ಇಷ್ಟು ಸಾಕು ಪುಟ್ಟಿ. ಊರಿಗೆ ಹೋಗೋಣ." ರೈಟರ ಕೈಬರಹ, ಗುಂಡಗೆ, ನೇರವಾಗಿ. ಉಗುಳು ನುಂಗಲೂ ಆಗುತ್ತಿರಲಿಲ್ಲ. ತೂಕ ಇಳಿದಿತ್ತು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಶುರುವಾಗಿತ್ತು, ಅದು ಸಿಸ್‌ಪ್ಲಾಟಿನ್‌ದು.

ಈ ಹಂತವನ್ನು ಯಾರೂ ಮೊದಲೇ ಸರಿಯಾಗಿ ಹೇಳಿರುವುದಿಲ್ಲ. ತೀರ್ಮಾನ ಅನ್ನೋದು ಒಂದು ದಿನ ಸಹಿ ಹಾಕಿ ಮುಗಿಸುವಂಥದ್ದಲ್ಲ. ಚಿಕಿತ್ಸೆಯ ಮಧ್ಯೆ ಮನುಷ್ಯ ಬೇರೆ ಆಗಿರುತ್ತಾನೆ, ಅವನ ಲೆಕ್ಕವೂ ಬೇರೆ ಆಗಿರುತ್ತದೆ. 1990ರಲ್ಲಿ ಬ್ರಿಟನ್‌ನಲ್ಲಿ ಒಂದು ಅಧ್ಯಯನ ಆಗಿತ್ತು. ತುಂಬಾ ತ್ರಾಸ ಕೊಡುವ ಕೀಮೋ ಒಂದಿದೆ, ಗುಣವಾಗುವ ಸಾಧ್ಯತೆ ಎಷ್ಟಿದ್ದರೆ ನೀವು ಒಪ್ಪುತ್ತೀರಿ ಅಂತ ರೋಗಿಗಳನ್ನು, ಡಾಕ್ಟರುಗಳನ್ನು, ನರ್ಸುಗಳನ್ನು, ಆರೋಗ್ಯವಂತರನ್ನು ಕೇಳಿದರು. ರೋಗಿಗಳು ನೂರಕ್ಕೆ ಒಂದು ಇದ್ದರೂ ಸಾಕು ಅಂದರು. ಕ್ಯಾನ್ಸರ್ ವಾರ್ಡಿನ ನರ್ಸುಗಳು ಅರ್ಧಕ್ಕರ್ಧವಾದರೂ ಇರಬೇಕು ಅಂದರು. ಅಂದರೆ ರೋಗ ಬಂದವರು ಸಣ್ಣ ಆಸೆಗೂ ದೊಡ್ಡ ಕಷ್ಟ ತಡೆಯಲು ತಯಾರು, ಪಕ್ಕದಲ್ಲಿ ನಿಂತು ದಿನಾ ಆ ಕಷ್ಟ ನೋಡುವವರು ಅಷ್ಟು ತಯಾರಿಲ್ಲ. ನಮ್ಮಲ್ಲಿ ಅದು ತಿರುಗಿ ಕೂತಿತ್ತು. ಅಪ್ಪ ಸಾಕು ಅನ್ನುತ್ತಿದ್ದರು, ಅಣ್ಣ ಬಿಡಬಾರದು ಅನ್ನುತ್ತಿದ್ದ. ನೂರು ಜನರ ಅಧ್ಯಯನ ನಮ್ಮ ಮನೆಯ ಒಬ್ಬರ ಮನಸ್ಸನ್ನು ಹೇಳಲಾರದು. ಅದಕ್ಕೆ ಆ ಒಬ್ಬರನ್ನೇ ಕೇಳಬೇಕು.

ಮೇಡಂ ಹೆದರಿಸಲಿಲ್ಲ, ಬೈಯಲಿಲ್ಲ. ಎರಡು ವಿಷಯ ಬಿಡಿಸಿ ಹೇಳಿದರು. ಕರೆಂಟ್ ಮಧ್ಯದಲ್ಲಿ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ, ಇಲ್ಲಿಯವರೆಗೆ ಪಟ್ಟ ಕಷ್ಟ ನೀರಿನಲ್ಲಿ ಹೋಮ. ಮೂರನೇ ಕೀಮೋ ಹಾಗಲ್ಲ. ಕಿಡ್ನಿಯ ಕ್ರಿಯಾಟಿನಿನ್ ಏರಿದೆ, ಕಿವಿಗೂ ಪೆಟ್ಟು ಬೀಳುತ್ತಿದೆ, ಎರಡು ಡೋಸ್‌ನಿಂದ ಬರಬೇಕಾದ ಲಾಭದ ಬಹುಪಾಲು ಬಂದಿರುತ್ತದೆ. "ಕರೆಂಟ್ ಮುಗಿಸಿ, ಕೀಮೋ ಬಿಡೋಣ. ನೋವಿಗೆ ಮಾರ್ಫಿನ್ ಕೊಡ್ತೀನಿ, ಊಟಕ್ಕೆ ಮೂಗಿಂದ ಪೈಪ್ ಹಾಕ್ತೀನಿ. ಆಗುತ್ತಾ ಯಜಮಾನ್ರೇ?"

ಅಪ್ಪ ಹಾಳೆ ಮೇಲೆ "ಆಯ್ತು" ಅಂತ ಬರೆದರು.

ಅಣ್ಣನಿಗೆ ಮಾರ್ಫಿನ್ ಅಂದರೆ ಭಯ, ಕೊನೆಗಾಲದವರಿಗೆ ಕೊಡೋದು ಅಂತ. ಒಂದು ಡೋಸ್ ಕಮ್ಮಿ ಆಯಿತಲ್ಲ ಅನ್ನುವ ಸಂಕಟ ಬೇರೆ. ಅವನ ಜೊತೆ ಮೇಡಂ ಬೇರೆಯಾಗಿ ಕೂತು ಮಾತಾಡಿದರು. ನೋವು ಇದ್ದಾಗ ಅಳತೆಯಲ್ಲಿ ಕೊಟ್ಟರೆ ಅದೂ ಒಂದು ಔಷಧಿ, ಹುಣ್ಣು ಮಾಯುತ್ತಿದ್ದ ಹಾಗೆ ನಿಲ್ಲಿಸುತ್ತೇವೆ ಅಂದರು. ಹಾಗೇ ನಿಲ್ಲಿಸಿದರು ಕೂಡ. ನೋಡಿಕೊಳ್ಳುವವರಿಗೂ ಒಬ್ಬರು ಕೂತು ಹೇಳಬೇಕು. ಇಲ್ಲದಿದ್ದರೆ ಆ ಭಯ ರೋಗಿಯ ಮೇಲೆ ಒತ್ತಾಯವಾಗಿ ಬೀಳುತ್ತದೆ.

ಧರ್ಮಶಾಲೆಯಲ್ಲಿ ಅರಸೀಕೆರೆ ಕಡೆಯ ತೆಂಗಿನ ತೋಟದವರೊಬ್ಬರು ಪರಿಚಯವಾದರು. ಅವರಿಗೆ ಧ್ವನಿಪೆಟ್ಟಿಗೆ ತೆಗೆದು ಎರಡು ವರ್ಷ ಆಗಿತ್ತು, ಚೆಕಪ್‌ಗೆ ಬಂದಿದ್ದರು. ಕುತ್ತಿಗೆಯ ಮುಂದೆ ಒಂದು ರಂಧ್ರ, ಅದರ ಮೇಲೆ ತೆಳು ಬಟ್ಟೆ. ಉಸಿರು ಅಲ್ಲಿಂದಲೇ. ಇನ್ನು ಹೊಳೆಗೆ ಇಳಿಯುವ ಹಾಗಿಲ್ಲ. ಮೂಗಿನಿಂದ ಉಸಿರಿಲ್ಲದ್ದರಿಂದ ಒಗ್ಗರಣೆ ವಾಸನೆ ಕೂಡ ಸರಿಯಾಗಿ ಗೊತ್ತಾಗಲ್ಲ ಅಂತ ಹೇಳಿದರು. ಹೇಳಿದರು ಅಂತ ಬರೆದೆ, ನಿಜವಾಗಿಯೂ ಅವರೇ ಹೇಳಿದ್ದು. ಗಾಳಿಕೊಳವೆಗೂ ಅನ್ನನಾಳಕ್ಕೂ ನಡುವೆ ಒಂದು ಸಣ್ಣ ವಾಲ್ವ್ ಕೂರಿಸಿದ್ದರು. ಬೆರಳಿನಿಂದ ರಂಧ್ರ ಮುಚ್ಚಿದರೆ ಗಾಳಿ ಅದರೊಳಗಿಂದ ಹೋಗಿ ಮಾತು ಬರುತ್ತದೆ. ಹೊರದೇಶದ ವಾಲ್ವ್‌ಗೆ ಸಾವಿರಾರು ರೂಪಾಯಿ, ಅದನ್ನು ಆಗಾಗ ಬದಲಾಯಿಸಬೇಕು ಬೇರೆ. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಅವರು ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ಬಡವರಿಗೂ ಎಟುಕುವ ಹಾಗೆ ಕಡಿಮೆ ಬೆಲೆಯ 'ಓಂ' ವಾಲ್ವ್ ಮಾಡಿದ್ದಾರೆ.

ಅಪ್ಪ ಅವರ ಪಕ್ಕ ಕೂತು ಬಹಳ ಹೊತ್ತು ಅವರ ಗಂಟಲನ್ನೇ ನೋಡುತ್ತಿದ್ದರು. ಆಮೇಲೆ ಹಾಳೆ ತೆಗೆದು ಬರೆದರು: "ನನ್ನ ಹೆಂಡತಿ ಜೊತೆ ಫೋನಲ್ಲಿ ಮಾತಾಡ್ತೀರಾ?" ಅವರಿಗೆ ಯಾಕೆ ಅಂತ ಅರ್ಥ ಆಗಲಿಲ್ಲ, ಆದರೂ ಒಪ್ಪಿದರು. ನಾನು ಅಮ್ಮನಿಗೆ ಫೋನ್ ಹಚ್ಚಿದೆ. ಅವರು ಬೆರಳು ಒತ್ತಿ, "ನಮಸ್ಕಾರ ಅ‍ಮ್ಮಾ, ಊಟ ಆಯ್ತಾ? ನಿಮ್ಮ ಯಜಮಾನ್ರು ಚೆನ್ನಾಗಿದಾರೆ, ಇಲ್ಲೇ ಕೂತಿದಾರೆ" ಅಂದರು. ಅಮ್ಮ ಆ ಕಡೆಯಿಂದ ಉತ್ತರ ಕೊಟ್ಟಳು, ಇಬ್ಬರೂ ಕೊಬ್ಬರಿ ರೇಟಿನ ತನಕ ಮಾತಾಡಿದರು. ಆಮೇಲೆ ನಾನು, "ಅರ್ಥ ಆಯ್ತೇನಮ್ಮ?" ಅಂದೆ. "ಆಯ್ತಲ್ಲ. ರೇಡಿಯೋದಲ್ಲಿ ದೂರದ ಸ್ಟೇಷನ್ ಹಿಡಿದ ಹಾಗಿದೆ, ಆದ್ರೆ ಎಲ್ಲ ತಿಳೀತು" ಅಂದಳು. ಸ್ಪೀಕರ್ ಹಾಕಿದ್ದೆ. ಅಪ್ಪ ಕೇಳಿಸಿಕೊಂಡರು.

ಕರೆಂಟ್ ಮುಗಿಸಿಕೊಂಡು ಊರಿಗೆ ಬಂದೆವು. ಮೂಗಿನ ಪೈಪ್ ತೆಗೆಯುವ ಹೊತ್ತಿಗೆ ಹೂಮಳೆ ಬಿದ್ದಿತ್ತು. ಮೂರು ತಿಂಗಳಿಗೆ ಪೆಟ್ ಸ್ಕ್ಯಾನ್ ಮಾಡಿದರು, ಏನೂ ಉಳಿದಿಲ್ಲ ಅಂತ ಬಂತು. ಈಗಲೂ ಅಪ್ಪನ ಬಾಯಿ ಒಣಗುತ್ತದೆ. ಅಕ್ಕಿರೊಟ್ಟಿ ಸಾರಿನಲ್ಲಿ ನೆನೆಸದಿದ್ದರೆ ಇಳಿಯುವುದಿಲ್ಲ. ಕುತ್ತಿಗೆ ಚರ್ಮ ಕಪ್ಪಾಗಿ ಬಿಗಿದಿದೆ. ಥೈರಾಯ್ಡ್ ಕಡಿಮೆಯಾಗುತ್ತಿದೆಯಾ ಅಂತ ಆಗಾಗ ರಕ್ತ ಪರೀಕ್ಷೆ ಇದೆ. ಧ್ವನಿ ಹಳೆಯದಲ್ಲ, ಒಡೆದ ಧ್ವನಿ. ಗೇಟಿನಿಂದ ಕೂಗಲು ಆಗುವುದಿಲ್ಲ. ಇನ್ಸುಲಿನ್ ಎಷ್ಟು ಅಂತ ಹೇಳಲು, ಪೇಪರ್ ಓದಲು ಸಾಕು.

ಮೊದಲ ವರ್ಷ ಒಂದೆರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಗಂಟಲಿಗೆ ಕ್ಯಾಮೆರಾ ಹಾಕಿಸಬೇಕು. ಈ ಸಲ ಹೋದಾಗ ಅಪ್ಪ ತಾವಾಗಿಯೇ ಮೇಡಂಗೆ ಒಂದು ಮಾತು ಹೇಳಿದರು. "ಇದು ತಿರುಗಿ ಬಂದ್ರೆ ಆಪರೇಷನ್ ಮಾಡಿಬಿಡಿ. ನನ್ನದು ಅಡ್ಡಿ ಇಲ್ಲ. ಬರೆದಿಡಿ." ಅವರು ಫೈಲಿನಲ್ಲಿ ಬರೆದುಕೊಂಡರು. ಆಚೆ ಬಂದ ಮೇಲೆ ಅಣ್ಣನಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಮೊದಲೇ ಒಪ್ಪಬಹುದಿತ್ತಲ್ಲ ಅಪ್ಪ?" ಅಂದ.

"ಆ ಅರಸೀಕೆರೆಯವರ ಮಾತು ನಿಮ್ಮಮ್ಮಂಗೆ ತಿಳಿಯುತ್ತೆ ಅಂತ ಆಗ ಯಾರು ಹೇಳಿದ್ರು?" ಅಂದರು ಅಪ್ಪ.

ನಾನು ಅದನ್ನೇ ಮೇಡಂಗೂ ಸರ್ಜನ್‌ಗೂ ಹೇಳಿದೆ. ಎರಡೂ ದಾರಿಯಲ್ಲಿ ಹೋಗಿಬಂದವರನ್ನು ಹೊಸಬರು ತೀರ್ಮಾನಕ್ಕೆ ಮೊದಲೇ ಒಂದು ಸಲ ನೋಡುವ ಹಾಗಾಗಲಿ, ಮನೆಯವರನ್ನೂ ಕೂರಿಸಿಕೊಂಡು. ಅವರಿಬ್ಬರೂ ಒಪ್ಪಿದರು. ಅರಸೀಕೆರೆಯವರ ನಂಬರಿನ ಜೊತೆ, ಅಪ್ಪನನ್ನು ಕೇಳಿ, ನಮ್ಮ ನಂಬರೂ ತೆಗೆದುಕೊಂಡರು. ಈಗ ಆಗಾಗ ಫೋನ್ ಬರುತ್ತದೆ. ಮೊನ್ನೆ ಕಡೂರಿನವರೊಬ್ಬರು ಮಾಡಿದ್ದರು, ಅವರಿಗೂ ಇದೇ ಎರಡು ದಾರಿ ಹೇಳಿದ್ದಾರಂತೆ. ಯಾವುದು ಒಳ್ಳೇದು ಅಂತ ಅವರು ಕೇಳುತ್ತಿದ್ದರು. ಅಪ್ಪ ಅದಕ್ಕೆ ಉತ್ತರ ಕೊಡುವ ಮೊದಲು, ಮನೆಯಲ್ಲಿ ನಿಮ್ಮ ಜೊತೆ ಯಾರ್ಯಾರು ಇರ್ತಾರೆ ಅಂತ ವಿಚಾರಿಸಿದರು.